ಸೀರಂನಲ್ಲಿನ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸುವ ಬಗೆ: ಪ್ರಯೋಗಾಲಯಕ್ಕೊಂದು ಸಮಗ್ರ ಮಾರ್ಗದರ್ಶಿ

ಪ್ರತಿರಕ್ಷಣಾ ವಿಜ್ಞಾನದ ಪ್ರಯೋಗಗಳಲ್ಲಿ ಸೀರಂ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ದ್ರವ, ಬಳಸುವವರೆಲ್ಲರಿಗೂ ‘56 ಡಿಗ್ರಿ, 30 ನಿಮಿಷ’ ಎಂಬ ಸೂತ್ರ ಬಾಯಿಪಾಠವಾಗಿರುತ್ತದೆ. ಸೂಕ್ಷ್ಮಜೀವಿಗಳನ್ನು ಕೊಲ್ಲಲು ಪ್ರತಿಕಾಯಗಳಿಗೆ ನೆರವಾಗುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಗುಂಪನ್ನು ನಿಷ್ಕ್ರಿಯಗೊಳಿಸಲು ಸೀರಂ ಅನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಬಿಸಿ ಮಾಡುವುದೇ ಆ ಸೂತ್ರ. ಆ ಅರ್ಧ ಗಂಟೆಯನ್ನು ಯಾವ ಕ್ಷಣದಿಂದ ಎಣಿಸಬೇಕು, ಆ ಶಾಖದಲ್ಲಿ ಸೀರಂನ ಯಾವ ಅಂಶ ಕೆಡುತ್ತದೆ, ಯಾವುದು ಹಾಗೆಯೇ ಉಳಿಯುತ್ತದೆ, ಕೆಲಸ ಆಗಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ಮಾತ್ರ ಅನೇಕ ಕೈಪಿಡಿಗಳಲ್ಲಿ ಉತ್ತರ ಸಿಗುವುದಿಲ್ಲ. ಈ ಮಾರ್ಗದರ್ಶಿ ಆ ಪ್ರಶ್ನೆಗಳಿಗೇ ಹೆಚ್ಚು ಜಾಗ ಕೊಡುತ್ತದೆ. ಮೊದಲೇ ಹೇಳಬೇಕಾದ ಮುಖ್ಯ ಸಂಗತಿಯೆಂದರೆ, ಶಾಖದಿಂದ ನಿಷ್ಕ್ರಿಯಗೊಳಿಸಿದ ಸೀರಂ ಕಾಂಪ್ಲಿಮೆಂಟ್ ಇಲ್ಲದ ಸೀರಂ ಅಲ್ಲ. ಅದು ಕಾಂಪ್ಲಿಮೆಂಟ್ ಸರಪಳಿಯ ಕೆಲವು ಕೊಂಡಿಗಳು ಮಾತ್ರ ಮುರಿದಿರುವ ಸೀರಂ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪ್ರತಿಯೊಂದು ಹಂತದ ಕಾರಣವೂ ತಾನಾಗಿ ತಿಳಿಯುತ್ತದೆ.

ಶಾಖ ಕೆಡಿಸುವುದು ಏನನ್ನು?

ಕಾಂಪ್ಲಿಮೆಂಟ್ ವ್ಯವಸ್ಥೆಯಲ್ಲಿ ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳಿವೆ. ಪ್ರತಿಕಾಯಗಳು ಚಾಲನೆ ಕೊಡುವ ಕ್ಲಾಸಿಕಲ್ ಮಾರ್ಗ, ಸೂಕ್ಷ್ಮಜೀವಿಗಳ ಮೇಲ್ಮೈಯ ಸಕ್ಕರೆಗಳನ್ನು ಗುರುತಿಸುವ ಲೆಕ್ಟಿನ್ ಮಾರ್ಗ, ಪ್ರತಿಕಾಯದ ನೆರವಿಲ್ಲದೆ ತಾನಾಗಿಯೇ ಸಣ್ಣ ಪ್ರಮಾಣದಲ್ಲಿ ಸದಾ ನಡೆಯುತ್ತಿರುವ ಆಲ್ಟರ್ನೇಟಿವ್ ಮಾರ್ಗ, ಈ ಮೂರೂ ಸಿ3 ಎಂಬ ಪ್ರೋಟೀನಿನ ಬಳಿ ಕೂಡಿಕೊಂಡು, ಅಲ್ಲಿಂದ ಸಿ5ರ ಮೂಲಕ ಸಿ9ರವರೆಗೆ ಸಾಗಿ, ಗುರಿಯಾದ ಜೀವಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ. 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಗ ಕೆಡುವುದು ಕ್ಲಾಸಿಕಲ್ ಮಾರ್ಗದ ಸಿ1 ಮತ್ತು ಸಿ2, ಹಾಗೂ ಆಲ್ಟರ್ನೇಟಿವ್ ಮಾರ್ಗದ ಫ್ಯಾಕ್ಟರ್ ಬಿ. ಇವುಗಳಲ್ಲಿ ಫ್ಯಾಕ್ಟರ್ ಬಿ ಎಲ್ಲಕ್ಕಿಂತ ಮೃದು, 50 ಡಿಗ್ರಿಯಲ್ಲೇ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಸಿ2 ಲೆಕ್ಟಿನ್ ಮಾರ್ಗಕ್ಕೂ ಬೇಕಾಗಿರುವುದರಿಂದ ಅದು ಕೆಟ್ಟರೆ ಆ ಮಾರ್ಗವೂ ನಿಲ್ಲುತ್ತದೆ. ಸಿ3 ಮತ್ತು ಸಿ4ರ ಬಹುಭಾಗ ಮಾತ್ರ ಈ ಶಾಖವನ್ನು ತಾಳಿಕೊಳ್ಳುತ್ತದೆ.

ಇದರಿಂದ ಎರಡು ಪರಿಣಾಮಗಳು ಒದಗುತ್ತವೆ. ಒಂದು, ಬಿಸಿ ಮಾಡಿದ ಸೀರಂಗೆ ಸ್ವಲ್ಪವೇ ತಾಜಾ ಸೀರಂ ಬೆರೆತರೂ ಕಳೆದುಹೋದ ಕೊಂಡಿಗಳು ಮರಳಿ ಬಂದು ಸರಪಳಿ ಪೂರ್ಣಗೊಳ್ಳಬಹುದು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ಜ್ಯೂಲ್ ಬೋರ್ದೆ 1895ರಲ್ಲಿ ಕಂಡುಕೊಂಡದ್ದು ಇದನ್ನೇ: ಕಾಲರಾ ಬ್ಯಾಕ್ಟೀರಿಯಾವನ್ನು ಕರಗಿಸಬಲ್ಲ ಸೀರಂ ಬಿಸಿಯಾದಾಗ ಆ ಶಕ್ತಿ ಕಳೆದುಕೊಂಡಿತು, ಪ್ರತಿಕಾಯಗಳಿಲ್ಲದ ತಾಜಾ ಸೀರಂ ಸೇರಿಸಿದಾಗ ಮರಳಿ ಪಡೆಯಿತು. ಶಾಖಕ್ಕೆ ಬಗ್ಗದ ಪ್ರತಿಕಾಯ ಬೇರೆ, ಶಾಖಕ್ಕೆ ಸೋಲುವ ಕಾಂಪ್ಲಿಮೆಂಟ್ ಬೇರೆ ಎಂಬ ತಿಳಿವಳಿಕೆ ಹುಟ್ಟಿದ್ದು ಆ ಪ್ರಯೋಗಗಳಿಂದ. ಬೋರ್ದೆಗೆ 1919ರ ನೊಬೆಲ್ ಪ್ರಶಸ್ತಿ ಸಂದಿತು. ಎರಡನೆಯ ಪರಿಣಾಮ ಹೆಚ್ಚು ಸೂಕ್ಷ್ಮವಾದುದು. ಕಾಂಪ್ಲಿಮೆಂಟ್ ಕೆಲಸ ಮಾಡುವಾಗ ಬಿಡುಗಡೆಯಾಗುವ ಸಿ3ಎ ಮತ್ತು ಸಿ5ಎ ಎಂಬ ಚಿಕ್ಕ ತುಣುಕುಗಳು 56 ಡಿಗ್ರಿಯಲ್ಲಿ ನಾಶವಾಗುವುದಿಲ್ಲ. ಯೀಸ್ಟ್‌ನ ಕೋಶಗೋಡೆಯಿಂದ ತೆಗೆದ ಝೈಮೊಸಾನ್ ಬೆರೆಸಿ ಸೀರಂನ ಕಾಂಪ್ಲಿಮೆಂಟ್ ಅನ್ನು ಉದ್ದೇಶಪೂರ್ವಕವಾಗಿ ಎಬ್ಬಿಸಿ, ಆಮೇಲೆ ಬಿಸಿ ಮಾಡಿ, ಆ ಸೀರಂನಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಸೆಳೆಯುವ ಪ್ರಯೋಗಗಳು ನಿಂತಿರುವುದೇ ಈ ಗುಣದ ಮೇಲೆ. ಹಾಗಾಗಿ ಬಿಸಿ ಮಾಡುವ ಮೊದಲೇ ಸೀರಂನಲ್ಲಿ ಕಾಂಪ್ಲಿಮೆಂಟ್ ಕೆರಳಿದ್ದರೆ, ಅದರ ಕುರುಹನ್ನು ಯಾವ ವಾಟರ್ ಬಾತ್ (ಒಂದೇ ತಾಪಮಾನದಲ್ಲಿಡುವ ಬಿಸಿನೀರಿನ ತೊಟ್ಟಿ) ಕೂಡ ಅಳಿಸಲಾರದು.

ನಿಜವಾಗಿ ಬೇಕೇ ಎಂದು ಮೊದಲು ನಿರ್ಧರಿಸಿ

ಸೀರಂನ ಪ್ರತಿಕಾಯಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವ ಸಾಮರ್ಥ್ಯವನ್ನು ಅಳೆಯುವ ಪರೀಕ್ಷೆಗಳಲ್ಲಿ ನಿಷ್ಕ್ರಿಯಗೊಳಿಸುವುದು ಅನಿವಾರ್ಯ. ಒಬ್ಬೊಬ್ಬರ ಸೀರಂನಲ್ಲಿ ಕಾಂಪ್ಲಿಮೆಂಟ್ ಪ್ರಮಾಣ ಒಂದೊಂದು ಥರ ಇರುವುದರಿಂದ, ಎಲ್ಲ ಮಾದರಿಗಳ ಸ್ವಂತ ಕಾಂಪ್ಲಿಮೆಂಟ್ ಅನ್ನು ತೆಗೆದುಹಾಕಿ, ಮರಿ ಮೊಲದ ಸೀರಂನಂಥ ಒಂದೇ ಮೂಲದ ಕಾಂಪ್ಲಿಮೆಂಟ್ ಅನ್ನು ಎಲ್ಲಕ್ಕೂ ಸಮನಾಗಿ ಸೇರಿಸಿದರೆ ಮಾತ್ರ ಫಲಿತಾಂಶಗಳನ್ನು ಹೋಲಿಸಬಹುದು. ವೈರಸ್ ತಟಸ್ಥೀಕರಣ ಪರೀಕ್ಷೆ, ಮಾನವ ಸೀರಂನಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಬೆಳೆಸುವ ಕೆಲಸ, ಇಲಿಯ ಕೋಶಗಳಲ್ಲಿ ತಯಾರಾದ, ಕೋಶಗಳೊಳಗೆ ಜೀನ್ ಸಾಗಿಸುವ ರೆಟ್ರೋವೈರಸ್ ವಾಹಕಗಳನ್ನು ಮಾನವ ಸೀರಂ ಇರುವ ಮಾಧ್ಯಮದಲ್ಲಿ ಬಳಸುವುದು, ಇವೂ ಇದೇ ಗುಂಪಿಗೆ ಸೇರುತ್ತವೆ.

ಸಾಮಾನ್ಯ ಕೋಶಕೃಷಿಗೆ ಬಳಸುವ ಕರುಭ್ರೂಣದ ಸೀರಂ ವಿಷಯ ಬೇರೆ. ಅದರಲ್ಲಿ ಕಾಂಪ್ಲಿಮೆಂಟ್ ಚಟುವಟಿಕೆ ಸ್ವಭಾವತಃ ಕಡಿಮೆ, ಮತ್ತು ಬಿಸಿ ಮಾಡಿದಾಗ ಕೆಲವು ಬೆಳವಣಿಗೆಯ ಅಂಶಗಳೂ ಜೊತೆಗೇ ಕೆಡುತ್ತವೆ. ಬಹುಪಾಲು ಕೋಶವಂಶಗಳಿಗೆ ಇದರ ಅಗತ್ಯವಿಲ್ಲವೆಂಬುದು ಈ ಲೇಖಕನ ಖಚಿತ ಅಭಿಪ್ರಾಯ. ರೂಢಿ ಎಂಬ ಒಂದೇ ಕಾರಣಕ್ಕೆ ಬಾಟಲಿಗಟ್ಟಲೆ ಸೀರಂ ಬಿಸಿ ಮಾಡುವುದು ಒಳ್ಳೆಯ ಸೀರಂಗೆ ಮಾಡುವ ಹಾನಿ. ಅಲರ್ಜಿ ಸಂಶೋಧನೆಯಲ್ಲಂತೂ ಇನ್ನೂ ಎಚ್ಚರ ಬೇಕು. ಅಲರ್ಜಿಗೆ ಕಾರಣವಾಗುವ ಐಜಿಇ ಪ್ರತಿಕಾಯದ ಬಾಲಭಾಗ 56 ಡಿಗ್ರಿಯಲ್ಲಿ ಕೆಟ್ಟು, ಹಿಸ್ಟಮೀನ್ ಬಿಡುಗಡೆ ಮಾಡುವ ಮಾಸ್ಟ್ ಕೋಶಗಳ ಗ್ರಾಹಕಕ್ಕೆ ಅಂಟಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಐಜಿಇಯ ಕಾರ್ಯವನ್ನು ಅಳೆಯಬೇಕಾದ ಸೀರಂ ಅನ್ನು ಬಿಸಿ ಮಾಡಲೇಬಾರದು.

ಸೀರಂ ಸಿದ್ಧಪಡಿಸುವುದು

ಹೆಪ್ಪುನಿರೋಧಕವಿಲ್ಲದ ಕೊಳವೆಯಲ್ಲಿ ರಕ್ತ ತೆಗೆದು, ಕೋಣೆಯ ತಾಪಮಾನದಲ್ಲಿ ಸುಮಾರು ಅರ್ಧ ಗಂಟೆ ಹೆಪ್ಪುಗಟ್ಟಲು ಬಿಡಿ. ಬಳಿಕ ಗುರುತ್ವದ 1500ರಿಂದ 2000 ಪಟ್ಟು ಬಲದಲ್ಲಿ 10 ನಿಮಿಷ, ಸಾಧ್ಯವಿದ್ದರೆ 4 ಡಿಗ್ರಿಯಲ್ಲಿ, ಸೆಂಟ್ರಿಫ್ಯೂಜ್ ಮಾಡಿ, ಹೆಪ್ಪನ್ನು ಕದಡದೆ ಮೇಲಿನ ಸೀರಂ ತೆಗೆದು ಐಸ್ ಮೇಲಿಡಿ. ಇಲ್ಲಿ ತಡ ಮಾಡಿದಷ್ಟೂ, ಮೇಲೆ ಹೇಳಿದ ಸಿ5ಎಯಂಥ ತುಣುಕುಗಳು ಕೂಡಿಕೊಳ್ಳುತ್ತ ಹೋಗುತ್ತವೆ. ಕೆಂಪಗೆ ಕಾಣುವ, ಅಂದರೆ ರಕ್ತಕಣಗಳು ಒಡೆದ ಸೀರಂ ಅನ್ನು ಬದಿಗಿಡುವುದು ಲೇಸು, ಏಕೆಂದರೆ ಕೊನೆಯ ಪರೀಕ್ಷೆ ನಿಂತಿರುವುದೇ ಹಿಮೋಗ್ಲೋಬಿನ್ ಬಣ್ಣದ ಮೇಲೆ.

ಸೀರಂ ಬದಲು ಪ್ಲಾಸ್ಮಾ, ಅಂದರೆ ಹೆಪ್ಪುಗಟ್ಟದಂತೆ ತಡೆದ ರಕ್ತದ ದ್ರವಭಾಗ, ಬಳಸಲಾಗದು. ಅದರಲ್ಲಿರುವ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಪ್ರೋಟೀನು 56 ಡಿಗ್ರಿಯಲ್ಲಿ ಒಡೆದ ಹಾಲಿನಂತೆ ಬೇರ್ಪಟ್ಟು ತಳಕ್ಕಿಳಿಯುತ್ತದೆ, ತನ್ನೊಂದಿಗೆ ಬೇರೆ ಪ್ರೋಟೀನುಗಳನ್ನೂ ಎಳೆದೊಯ್ಯುತ್ತದೆ.

ಪ್ರತಿ ಮಾದರಿಯ ಒಂದು ಭಾಗವನ್ನು ಬಿಸಿ ಮಾಡದೆ ಹಾಗೆಯೇ ಸಣ್ಣ ಕೊಳವೆಗಳಲ್ಲಿ ಹಂಚಿ ಮೈನಸ್ 80 ಡಿಗ್ರಿಯಲ್ಲಿ ಇಡಿ. ಇದಿಲ್ಲದೆ ಮುಂದೆ ಯಾವ ಹೋಲಿಕೆಯೂ ಸಾಧ್ಯವಾಗುವುದಿಲ್ಲ. ಕೋಣೆಯ ತಾಪಮಾನದಲ್ಲಿಟ್ಟರೆ ಕಾಂಪ್ಲಿಮೆಂಟ್ ತಾನಾಗಿಯೇ ಕ್ಷೀಣಿಸುವುದರಿಂದಲೂ, ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಹಾಳಾಗುವುದರಿಂದಲೂ, ಒಂದು ಪ್ರಯೋಗಕ್ಕೆ ಒಂದು ಕೊಳವೆ ಎಂಬ ಲೆಕ್ಕದಲ್ಲಿ ಹಂಚುವುದು ಉತ್ತಮ.

ಮಾನವ ಸೀರಂ ಯಾವಾಗಲೂ ಸೋಂಕು ಹರಡಬಲ್ಲದ್ದು ಎಂದೇ ಭಾವಿಸಿ, ಕೈಗವಸು, ಕನ್ನಡಕ ಮತ್ತು ಜೈವಿಕ ಸುರಕ್ಷಾ ಕ್ಯಾಬಿನೆಟ್ ಬಳಸಬೇಕು. ಈ ಶಾಖ ಕೆಲವು ವೈರಸ್‌ಗಳ ಬಲವನ್ನು ಕುಗ್ಗಿಸುವುದು ನಿಜ, ಆದರೆ ಹೆಪಟೈಟಿಸ್ ಬಿಯಂಥ ವೈರಸ್‌ಗಳಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬಿಸಿ ಮಾಡಿದ ಮೇಲೂ ಅದೇ ಎಚ್ಚರ ಮುಂದುವರಿಯಬೇಕು.

ವಾಟರ್ ಬಾತ್‌ನ ನಿಜವಾದ ತಾಪಮಾನ

ಯಂತ್ರದ ಮುಖದ ಮೇಲೆ ತೋರುವ ಅಂಕಿಯನ್ನು ನಂಬಬೇಡಿ. ಪ್ರಮಾಣೀಕರಿಸಿದ ಥರ್ಮಾಮೀಟರ್ ಒಂದನ್ನು ನೀರಿನಲ್ಲಿ ಮುಳುಗಿಸಿ, ಬಾತ್‌ನ ನಡುವೆ ಮತ್ತು ಮೂಲೆಗಳಲ್ಲಿ ಅಳೆದು, ಎಲ್ಲೆಡೆ 56 ಡಿಗ್ರಿಯ ಅರ್ಧ ಡಿಗ್ರಿ ಆಚೀಚೆ ಇರುವುದನ್ನು ಖಾತ್ರಿಪಡಿಸಿಕೊಳ್ಳಿ. ನೀರು ಸುತ್ತಾಡುವ ಬಾತ್ ಇದ್ದರೆ ಅದನ್ನೇ ಆರಿಸಿಕೊಳ್ಳಿ.

ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ, ನಮಗಿರುವ ಅಂತರ ಬಹಳ ಕಿರಿದು. 53 ಅಥವಾ 54 ಡಿಗ್ರಿಯಲ್ಲಿ ಅದೇ ಅರ್ಧ ಗಂಟೆಯಲ್ಲಿ ಕ್ಲಾಸಿಕಲ್ ಮಾರ್ಗದ ಸ್ವಲ್ಪ ಭಾಗ ಉಳಿದುಕೊಳ್ಳುವ ಅಪಾಯವಿದೆ. ಇನ್ನೊಂದು ತುದಿಯಲ್ಲಿ, ಸೀರಂನಲ್ಲಿ ಅತಿ ಹೆಚ್ಚಾಗಿರುವ ಐಜಿಜಿ ಪ್ರತಿಕಾಯಗಳನ್ನು ಬೇಕೆಂದೇ ಗಂಟುಕಟ್ಟಿಸಲು ಪ್ರಯೋಗಾಲಯಗಳಲ್ಲಿ ಬಳಸುವ ತಾಪಮಾನ 63 ಡಿಗ್ರಿ. ಹಾಗೆ ಗಂಟುಕಟ್ಟಿದ ಐಜಿಜಿ ತಾನೇ ಕಾಂಪ್ಲಿಮೆಂಟ್ ಅನ್ನು ಎಬ್ಬಿಸುತ್ತದೆ, ಪ್ರತಿಕಾಯದ ಬಾಲಭಾಗವನ್ನು ಹಿಡಿಯುವ, ಕೋಶಗಳ ಎಫ್‌ಸಿ ಗ್ರಾಹಕಗಳಿಗೆ ಅಂಟಿಕೊಂಡು ಅವನ್ನೂ ಕೆರಳಿಸುತ್ತದೆ. ಬಾತ್ 60 ಡಿಗ್ರಿಯತ್ತ ಏರಿದರೆ, ತಡೆಯಲು ಹೊರಟ ಕ್ರಿಯೆಯನ್ನೇ ಪ್ರಚೋದಿಸುವ ಸೀರಂ ನಿಮ್ಮ ಕೈಯಲ್ಲಿರುತ್ತದೆ. ಇನ್ನೂ ಮೇಲೇರಿದರೆ ಸೀರಂ ಜೆಲ್‌ನಂತೆ ಗಟ್ಟಿಯಾಗುತ್ತದೆ.

ದೊಡ್ಡ ಬಾಟಲಿಯ ಸೀರಂ: ಹಂತ ಹಂತವಾಗಿ

1. ಹೆಪ್ಪುಗಟ್ಟಿದ ಬಾಟಲಿಯನ್ನು ಹಿಂದಿನ ರಾತ್ರಿಯೇ 2ರಿಂದ 8 ಡಿಗ್ರಿಯ ಫ್ರಿಜ್‌ಗೆ ವರ್ಗಾಯಿಸಿ ನಿಧಾನವಾಗಿ ಕರಗಿಸಿ. ಮೈನಸ್ 20ರಿಂದ ನೇರವಾಗಿ ಬಿಸಿನೀರಿಗೆ ಇಳಿಸಿದರೆ ಬಾಟಲಿ ಬಿರುಕು ಬಿಡಬಹುದು. ಅದಕ್ಕಿಂತ ಹೆಚ್ಚಾಗಿ, ಅಂಚಿನ ಸೀರಂ ಬೆಂದು ನಡುವಿನದು ಇನ್ನೂ ಮಂಜಾಗಿಯೇ ಇರುತ್ತದೆ.

2. ಪೂರ್ತಿ ಕರಗಿದ ಮೇಲೆ ಬಾಟಲಿಯನ್ನು ಮೆಲ್ಲಗೆ ಸುತ್ತಿಸುತ್ತ ಬೆರೆಸಿ. ಕರಗುವಾಗ ಲವಣ ಮತ್ತು ಪ್ರೋಟೀನು ತಳಕ್ಕಿಳಿದು ಪದರಗಳಾಗಿರುತ್ತವೆ, ಬೆರೆಸದೆ ಬಿಸಿ ಮಾಡಿದರೆ ತಳದಲ್ಲಿ ಗಸಿ ಕಟ್ಟುತ್ತದೆ. ಜೋರಾಗಿ ಕುಲುಕಿ ನೊರೆ ಎಬ್ಬಿಸಬೇಡಿ, ನೊರೆಯಲ್ಲಿ ಪ್ರೋಟೀನುಗಳು ಕೆಡುತ್ತವೆ. ಬಳಿಕ ಬಾಟಲಿ ಕೋಣೆಯ ತಾಪಮಾನಕ್ಕೆ ಬರಲಿ.

3. ಸೀರಂ ಬಾಟಲಿಯಂಥದೇ ಗಾತ್ರದ, ಅದೇ ಬಗೆಯ ಇನ್ನೊಂದು ಬಾಟಲಿಯಲ್ಲಿ ಅಷ್ಟೇ ಪ್ರಮಾಣದ ನೀರು ತುಂಬಿ, ಅದರೊಳಗೆ ಥರ್ಮಾಮೀಟರ್ ಇಳಿಸಿ. ಈ ನೀರು ಕೂಡ ಸೀರಂನಷ್ಟೇ ತಾಪಮಾನದಿಂದ ಹೊರಡಬೇಕು. ಈ ಜೊತೆ ಬಾಟಲಿಯೇ ಇಡೀ ವಿಧಾನದ ಪ್ರಾಣ.

4. ಎರಡೂ ಬಾಟಲಿಗಳನ್ನು ಒಟ್ಟಿಗೆ 56 ಡಿಗ್ರಿಯ ಬಾತ್‌ಗೆ ಇಳಿಸಿ. ಬಾತ್‌ನ ನೀರಿನ ಮಟ್ಟ ಬಾಟಲಿಯೊಳಗಿನ ಸೀರಂ ಮಟ್ಟಕ್ಕಿಂತ ಮೇಲಿರಬೇಕು, ಮುಚ್ಚಳಕ್ಕೆ ಮಾತ್ರ ತಾಗಬಾರದು. ಬಾಟಲಿಗಳ ನಡುವೆ ನೀರು ಹರಿಯಲು ಎಡೆ ಬಿಡಿ, ತೇಲದಂತೆ ಭಾರದ ಉಂಗುರ ಹಾಕಿ.

5. ತಣ್ಣನೆಯ ಬಾಟಲಿಗಳು ಇಳಿದೊಡನೆ ಬಾತ್‌ನ ತಾಪಮಾನ ಕುಸಿಯುತ್ತದೆ. ಅದು ಚೇತರಿಸಿಕೊಂಡು, ಜೊತೆ ಬಾಟಲಿಯೊಳಗಿನ ನೀರೂ 56 ಡಿಗ್ರಿ ತಲುಪುವವರೆಗೆ ಕಾಯಿರಿ. ಪ್ರತಿ ಐದು ನಿಮಿಷಕ್ಕೊಮ್ಮೆ ಎರಡನ್ನೂ ಮೆಲ್ಲಗೆ ಸುತ್ತಿಸಿ. ಅರ್ಧ ಲೀಟರ್ ಬಾಟಲಿಯಾದರೆ ಈ ಕಾಯುವಿಕೆ ಸಾಕಷ್ಟು ದೀರ್ಘವಾಗಿಯೇ ಇರುತ್ತದೆ.

6. ಗಡಿಯಾರ ಶುರುವಾಗಬೇಕಾದದ್ದು ಈಗ. ಬಾಟಲಿಯನ್ನು ನೀರಿಗಿಳಿಸಿದ ಕ್ಷಣದಿಂದ ಎಣಿಸಿದರೆ, ಸೀರಂ 56 ಡಿಗ್ರಿಯಲ್ಲಿ ಕಳೆದದ್ದು ಕೆಲವೇ ನಿಮಿಷಗಳಾಗಿರಬಹುದು. ಇಲ್ಲಿಂದ ಸರಿಯಾಗಿ 30 ನಿಮಿಷ, ಹತ್ತು ನಿಮಿಷಕ್ಕೊಮ್ಮೆಯಾದರೂ ಸುತ್ತಿಸುತ್ತ ಇಡಿ. ಇನ್ನೂ ಖಚಿತವಾಗಲಿ ಎಂದು ಒಂದು ಗಂಟೆಗೆ ಎಳೆಯುವುದರಿಂದ ಕಾಂಪ್ಲಿಮೆಂಟ್ ವಿಷಯದಲ್ಲಿ ಹೆಚ್ಚಿನ ಲಾಭವಿಲ್ಲ, ಐಜಿಜಿ ಗಂಟುಕಟ್ಟುವುದು ಮಾತ್ರ ಹೆಚ್ಚುತ್ತದೆ.

7. ಸಮಯ ಮುಗಿದೊಡನೆ ಬಾಟಲಿಯನ್ನು ಐಸ್ ಮತ್ತು ನೀರು ಬೆರೆಸಿದ ತೊಟ್ಟಿಗೆ ಇಳಿಸಿ ಬೇಗ ತಣಿಸಿ. ಮೇಜಿನ ಮೇಲೆ ಬಿಟ್ಟರೆ ದೊಡ್ಡ ಬಾಟಲಿ ಬಹಳ ಹೊತ್ತು ಬಿಸಿಯಾಗಿಯೇ ಉಳಿದು, ಅಳೆದು ಕೊಟ್ಟ 30 ನಿಮಿಷಕ್ಕೆ ಅರ್ಥವಿಲ್ಲದಂತಾಗುತ್ತದೆ.

8. ಬಾಟಲಿಯ ಹೊರಮೈಯನ್ನು ಒರೆಸಿ, 70 ಶೇಕಡಾ ಆಲ್ಕೊಹಾಲ್‌ನಿಂದ ಶುದ್ಧಗೊಳಿಸಿ, ಕ್ಯಾಬಿನೆಟ್‌ನೊಳಗೆ ಹಂಚಿ. ಬಾತ್‌ನ ನೀರು ಸೂಕ್ಷ್ಮಜೀವಿಗಳ ನೆಲೆಯಾಗಿರುವುದರಿಂದ ಈ ಒರೆಸುವಿಕೆಯನ್ನು ಬಿಡಬಾರದು.

ಕೆಲವೇ ನೂರು ಮೈಕ್ರೋಲೀಟರ್ ಇದ್ದಾಗ

ರೋಗಿಗಳ ಅಥವಾ ಇಲಿಗಳ ಸೀರಂ ಸಾಮಾನ್ಯವಾಗಿ 50ರಿಂದ 500 ಮೈಕ್ರೋಲೀಟರ್ ಮಾತ್ರ ಇರುತ್ತದೆ. ಅದನ್ನು ತೆಳು ಗೋಡೆಯ ಕೊಳವೆಯಲ್ಲಿ ಹಾಕಿ ಹೀಟಿಂಗ್ ಬ್ಲಾಕ್ ಅಥವಾ ಪಿಸಿಆರ್ ಯಂತ್ರದಲ್ಲಿ ಬಿಸಿ ಮಾಡಬಹುದು. ಬ್ಲಾಕ್‌ನ ಗುಂಡಿಗಳಲ್ಲಿ ಕೊಳವೆ ಸಡಿಲವಾಗಿ ಕೂತರೆ ನಡುವಿನ ಗಾಳಿ ಶಾಖವನ್ನು ತಡೆಯುತ್ತದೆ, ಆದ್ದರಿಂದ ಗುಂಡಿಗೆ ಸ್ವಲ್ಪ ನೀರು ಹಾಕುವುದು ವಾಡಿಕೆ. ಪಿಸಿಆರ್ ಯಂತ್ರದಲ್ಲಾದರೆ ಮುಚ್ಚಳದ ತಾಪಮಾನ 100 ಡಿಗ್ರಿ ದಾಟುವ ಸಾಮಾನ್ಯ ಹೊಂದಾಣಿಕೆಯನ್ನು ಬದಲಿಸಿ, 60 ಡಿಗ್ರಿಯ ಆಸುಪಾಸಿಗೆ ಇಳಿಸಿ. ಕೊಳವೆಯ ಮುಚ್ಚಳಕ್ಕೆ ಸೀರಂ ಹನಿ ಅಂಟಿಕೊಂಡಿದ್ದರೆ ಅದು ಬಿಸಿಯಾಗದೆಯೇ ಉಳಿದು, ಆಮೇಲೆ ಕೆಳಗಿಳಿದು ಬೆರೆಯುತ್ತದೆ. ತಾಜಾ ಸೀರಂನ ಅಂಥ ಒಂದು ಹನಿ ಏನು ಮಾಡಬಲ್ಲದೆಂಬುದನ್ನು ಬೋರ್ದೆಯ ಪ್ರಯೋಗ ಹೇಳಿಯೇ ಇದೆ. ಆದ್ದರಿಂದ ಬಿಸಿ ಮಾಡುವ ಮೊದಲೊಮ್ಮೆ, ಆದ ಮೇಲೊಮ್ಮೆ ಕೊಳವೆಯನ್ನು ಕೆಲವು ಸೆಕೆಂಡು ಸೆಂಟ್ರಿಫ್ಯೂಜ್ ಮಾಡಬೇಕು.

ಬಿಸಿ ಮಾಡಿದ ಮೇಲೆ

ಸ್ವಲ್ಪ ಮಬ್ಬು ಅಥವಾ ತೆಳುವಾದ ಗಸಿ ಕಾಣಿಸಿದರೆ ಗಾಬರಿ ಬೇಡ. ಅದು ಫೈಬ್ರಿನ್, ಕೊಬ್ಬು ಹೊತ್ತ ಪ್ರೋಟೀನು ಅಥವಾ ಕ್ಯಾಲ್ಸಿಯಂ ಫಾಸ್ಫೇಟ್ ಆಗಿರುವುದೇ ಹೆಚ್ಚು. ಕೋಶಗಳನ್ನು ಕೆರಳಿಸುವ ಪ್ರಯೋಗವಾದರೆ, ಗುರುತ್ವದ 10,000 ಪಟ್ಟು ಬಲದಲ್ಲಿ 10 ನಿಮಿಷ, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ಮಾಡಿ ದೊಡ್ಡ ಗಂಟುಗಳನ್ನು ತೆಗೆದುಹಾಕಿ. ಸೀರಂ ಅನ್ನು ನೇರವಾಗಿ 0.22 ಮೈಕ್ರೋಮೀಟರ್ ಫಿಲ್ಟರ್ ಮೂಲಕ ತಳ್ಳಿದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಮಾಧ್ಯಮದೊಡನೆ ಬೆರೆಸಿದ ಮೇಲೆ ಸೋಸುವುದು ಸುಲಭ.

ಹಂಚಿದ ಕೊಳವೆಗಳ ಮೇಲೆ ದಿನಾಂಕ, ಮೂಲ, ‘56 ಡಿಗ್ರಿ, 30 ನಿಮಿಷ’ ಎಂದು ಬರೆದು ಮೈನಸ್ 20 ಅಥವಾ ಅದಕ್ಕಿಂತ ತಣ್ಣಗೆ ಇಡಿ. ಇಟ್ಟಷ್ಟು ಕಾಲ, ಮುಖ್ಯವಾಗಿ ಕರಗಿಸಿ ಇಟ್ಟುಕೊಂಡಾಗ, ಕೆಲವು ಸೀರಂಗಳಲ್ಲಿ ಪರೀಕ್ಷೆಗೆ ಅಡ್ಡಿ ಮಾಡುವ ಗುಣ ಮತ್ತೆ ತಲೆದೋರುತ್ತದೆ. ಸಿಫಿಲಿಸ್ ಪತ್ತೆಗೆ ಬಳಸುವ ವಿಡಿಆರ್‌ಎಲ್ ಪರೀಕ್ಷೆಯಲ್ಲಿ ಬಿಸಿ ಮಾಡಿ 4 ಗಂಟೆ ಕಳೆದಿದ್ದರೆ ಸೀರಂ ಅನ್ನು ಮತ್ತೊಮ್ಮೆ 56 ಡಿಗ್ರಿಯಲ್ಲಿ 10 ನಿಮಿಷ ಇಡಬೇಕೆಂಬ ನಿಯಮ ಇರುವುದು ಇಂಥ ಅನುಭವದಿಂದಲೇ.

ಕೆಲಸ ಆಗಿದೆಯೇ? ರಕ್ತಕಣ ಪರೀಕ್ಷೆ

ತಾಪಮಾನದ ದಾಖಲೆ ಎಷ್ಟೇ ಚೊಕ್ಕವಾಗಿದ್ದರೂ ಚಟುವಟಿಕೆಯನ್ನು ಅಳೆಯದೆ ಯಾವ ಸೀರಂ ಅನ್ನೂ ನಿಷ್ಕ್ರಿಯವೆಂದು ಕರೆಯಬಾರದು. ಕ್ಲಾಸಿಕಲ್ ಮಾರ್ಗಕ್ಕೆ ಕುರಿಯ ಕೆಂಪು ರಕ್ತಕಣಗಳ ಪರೀಕ್ಷೆ ಇಂದಿಗೂ ನಂಬಿಕೆಗೆ ಅರ್ಹವಾದುದು. ಕುರಿಯ ಕಣಗಳನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಜೆಲಾಟಿನ್ ಇರುವ ವೆರೋನಾಲ್ ಬಫರ್‌ನಲ್ಲಿ (ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣ), ಮೇಲಿನ ದ್ರವ ತಿಳಿಯಾಗುವವರೆಗೆ ತೊಳೆಯಿರಿ. ಅವಕ್ಕೆ ಮೊಲದಲ್ಲಿ ತಯಾರಿಸಿದ ಕುರಿಕಣವಿರೋಧಿ ಪ್ರತಿಕಾಯವನ್ನು, ಕಣಗಳು ಒಂದಕ್ಕೊಂದು ಅಂಟಿಕೊಳ್ಳದಷ್ಟು ಪ್ರಮಾಣದಲ್ಲಿ, ಲೇಪಿಸಿ. ಬಿಸಿ ಮಾಡದ ಮತ್ತು ಮಾಡಿದ ಸೀರಂಗಳನ್ನು ಹಲವು ಪ್ರಮಾಣಗಳಲ್ಲಿ ಬಫರ್‌ನಿಂದ ತೆಳುಗೊಳಿಸಿ ಕಣಗಳೊಂದಿಗೆ ಬೆರೆಸಿ, 37 ಡಿಗ್ರಿಯಲ್ಲಿ ಒಂದು ಗಂಟೆ, ನಡುನಡುವೆ ಅಲುಗಿಸುತ್ತ ಇಡಿ. ಬಳಿಕ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಡುವ ಇಡಿಟಿಎ ಇರುವ ತಣ್ಣನೆಯ ಬಫರ್ ಸುರಿದು ಕ್ರಿಯೆ ನಿಲ್ಲಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವದ ಬಣ್ಣವನ್ನು 541 ನ್ಯಾನೋಮೀಟರ್‌ನಲ್ಲಿ ಅಳೆಯಿರಿ.

ಬಫರ್ ಮಾತ್ರ ಇರುವ ಕೊಳವೆ ಸೊನ್ನೆಯನ್ನೂ, ಶುದ್ಧ ನೀರಿನಲ್ಲಿ ಎಲ್ಲ ಕಣಗಳೂ ಒಡೆದ ಕೊಳವೆ ನೂರನ್ನೂ ಕೊಡುತ್ತದೆ. ಮಾದರಿಯ ಅಳತೆಯಿಂದ ಬಫರ್‌ನ ಅಳತೆ ಕಳೆದು, ಅದನ್ನು ನೀರಿನ ಅಳತೆಯಿಂದ ಬಫರ್‌ನ ಅಳತೆ ಕಳೆದ ಮೊತ್ತದಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಒಡೆದ ಕಣಗಳ ಶೇಕಡಾವಾರು ಸಿಗುತ್ತದೆ. ಸೀರಂಗೆ ತನ್ನದೇ ಬಣ್ಣವಿರುವುದರಿಂದ ಕಣಗಳಿಲ್ಲದ ಸೀರಂ ಕೊಳವೆಯೂ ಒಂದಿರಲಿ. ಬಿಸಿ ಮಾಡಿದ ಸೀರಂ ಅನ್ನು ನಿಮ್ಮ ಪ್ರಯೋಗದಲ್ಲಿ ಬಳಸುವ ಗರಿಷ್ಠ ಪ್ರಮಾಣದಲ್ಲೇ ಪರೀಕ್ಷಿಸಿ. ಪ್ರಯೋಗದಲ್ಲಿ 10 ಶೇಕಡಾ ಬಳಸುವವರು 1 ಶೇಕಡಾದಲ್ಲಿ ಪರೀಕ್ಷಿಸಿ ಚಟುವಟಿಕೆ ಇಲ್ಲವೆಂದರೆ ಅದಕ್ಕೆ ಬೆಲೆಯಿಲ್ಲ.

ಆಲ್ಟರ್ನೇಟಿವ್ ಮಾರ್ಗಕ್ಕೆ ಪ್ರತಿಕಾಯ ಲೇಪಿಸದ ಮೊಲದ ರಕ್ತಕಣಗಳನ್ನು, ಮೆಗ್ನೀಸಿಯಂ ಮತ್ತು ಇಜಿಟಿಎ ಇರುವ ಬಫರ್‌ನಲ್ಲಿ ಬಳಸಬೇಕು. ಇಜಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ಉಳಿದೆರಡು ಮಾರ್ಗಗಳು ಅಲ್ಲಿ ನಡೆಯುವುದಿಲ್ಲ. ಇಲಿಯ ಸೀರಂ ಬಿಸಿ ಮಾಡುವ ಮೊದಲೇ ಇಂಥ ಪರೀಕ್ಷೆಗಳಲ್ಲಿ ದುರ್ಬಲ, ಆದ್ದರಿಂದ ಅದರಲ್ಲಿ ಕಣಗಳು ಒಡೆಯದಿರುವುದು ಶಾಖದ ಯಶಸ್ಸಿಗೆ ಸಾಕ್ಷಿಯಾಗದು. ಬಿಸಿ ಮಾಡದ ಅದೇ ಸೀರಂ ಕಣಗಳನ್ನು ಒಡೆದಿದ್ದರೆ ಮಾತ್ರ ಫಲಿತಾಂಶಕ್ಕೆ ಅರ್ಥ.

ಇನ್ನೊಂದು ಕೊಳವೆಯಲ್ಲಿ, ಬಿಸಿ ಮಾಡಿದ ಸೀರಂಗೆ ಬಲ ಗೊತ್ತಿರುವ ಕಾಂಪ್ಲಿಮೆಂಟ್ ಸೇರಿಸಿ ನೋಡಿ. ಆ ಕಾಂಪ್ಲಿಮೆಂಟ್ ಒಂಟಿಯಾಗಿ ಒಡೆಯುವಷ್ಟು ಕಣಗಳನ್ನು ಈ ಮಿಶ್ರಣ ಒಡೆಯದಿದ್ದರೆ, ಗಂಟುಕಟ್ಟಿದ ಐಜಿಜಿ ಅದನ್ನು ಕಬಳಿಸುತ್ತಿದೆ ಎಂದು ಅನುಮಾನಿಸಬೇಕು. ಹೊರಗಿನಿಂದ ಕಾಂಪ್ಲಿಮೆಂಟ್ ಸೇರಿಸುವ ಪ್ರಯೋಗಗಳಲ್ಲಿ ಈ ಪರೀಕ್ಷೆಯನ್ನು ಬಿಡುವಂತಿಲ್ಲ.

ಶಾಖ ಒಗ್ಗದ ಪ್ರಯೋಗಗಳಿಗೆ

ಸೀರಂಗೆ ಅಂತಿಮವಾಗಿ 10 ಮಿಲಿಮೋಲಾರ್ ಇಡಿಟಿಎ ಸೇರಿಸಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೆರೆಯಾಗಿ ಮೂರೂ ಮಾರ್ಗಗಳು ನಿಲ್ಲುತ್ತವೆ, ಪ್ರತಿಕಾಯಗಳಿಗೆ ಧಕ್ಕೆಯಾಗುವುದಿಲ್ಲ. ಅಂಗಾಂಗ ಕಸಿಗೆ ಮುನ್ನ ಎಚ್‌ಎಲ್‌ಎ (ಅಂಗಾಂಶದ ಗುರುತು ಹೇಳುವ ಪ್ರೋಟೀನುಗಳು) ವಿರುದ್ಧದ ಪ್ರತಿಕಾಯಗಳನ್ನು, ಆ ಪ್ರೋಟೀನು ಲೇಪಿಸಿದ ಸೂಕ್ಷ್ಮ ಮಣಿಗಳ ಮೇಲೆ ಹುಡುಕುವಾಗ, ಕಾಂಪ್ಲಿಮೆಂಟ್ ತುಣುಕುಗಳು ಪ್ರತಿಕಾಯವನ್ನು ಮರೆಮಾಡದಂತೆ ಸೀರಂಗೆ ಇಡಿಟಿಎ ಬೆರೆಸುವುದುಂಟು. ಆದರೆ ಈ ತಡೆ ತಾತ್ಕಾಲಿಕ. ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿದ ಕೋಶಮಾಧ್ಯಮದಲ್ಲಿ ತೆಳುವಾದೊಡನೆ ಕಾಂಪ್ಲಿಮೆಂಟ್ ಮತ್ತೆ ಏಳುತ್ತದೆ, ಹಾಗಾಗಿ ಜೀವಂತ ಕೋಶಗಳ ಪ್ರಯೋಗಕ್ಕೆ ಇದು ಹೊಂದುವುದಿಲ್ಲ.

ಆಲ್ಟರ್ನೇಟಿವ್ ಮಾರ್ಗವನ್ನಷ್ಟೇ ನಿಲ್ಲಿಸಬೇಕಿದ್ದರೆ 50 ಡಿಗ್ರಿಯಲ್ಲಿ 20 ನಿಮಿಷ ಇಟ್ಟು ಫ್ಯಾಕ್ಟರ್ ಬಿಯನ್ನು ಕೆಡಿಸಬಹುದು. ಇಲ್ಲಿ ಎರಡು ಡಿಗ್ರಿಯ ಏರುಪೇರೂ ಸಲ್ಲದು. ನಾಗರಹಾವಿನ ವಿಷದಿಂದ ತೆಗೆದ ಅಂಶ ಸಿ3 ಅನ್ನು ಬರಿದಾಗಿಸುತ್ತದೆ, ಆದರೆ ಬರಿದಾಗಿಸುವ ದಾರಿಯಲ್ಲೇ ಸಿ3ಎಯಂಥ ತುಣುಕುಗಳನ್ನು ಬಿಡುಗಡೆ ಮಾಡುತ್ತದೆ. ಮಿಥೈಲಮೀನ್ ಎಂಬ ರಾಸಾಯನಿಕವು ಸಿ3 ಮತ್ತು ಸಿ4 ಗುರಿಯ ಮೇಲ್ಮೈಗೆ ಅಂಟಿಕೊಳ್ಳಲು ಬೇಕಾದ ಥಯೋಎಸ್ಟರ್ ಬಂಧವನ್ನು ಒಡೆಯುತ್ತದೆ, ಬಳಸಿದ ಮೇಲೆ ಡಯಾಲಿಸಿಸ್ ಮಾಡಿ ಅದನ್ನು ತೆಗೆಯಲೇಬೇಕು. ಸಿ3ಗೆ ಅಂಟುವ ಕಾಂಪ್‌ಸ್ಟಾಟಿನ್ ಪೆಪ್ಟೈಡ್ ಮಾನವ ಮತ್ತು ವಾನರಗಳ ಸೀರಂನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಇಲಿಯ ಸೀರಂನಲ್ಲಿ ಇಲ್ಲ.

ಕಂಡ ಪರಿಣಾಮಕ್ಕೆ ಕಾಂಪ್ಲಿಮೆಂಟೇ ಕಾರಣವೆಂದು ಸಾಧಿಸಬೇಕಾದ ಸಂದರ್ಭದಲ್ಲಿ, ಶಾಖದ ಫಲಿತಾಂಶವೊಂದನ್ನೇ ಮುಂದಿಡುವುದು ಸಾಲದು. ಬಿಸಿಯಾದಾಗ ಕೆಡುವ ವಸ್ತುಗಳು ಸೀರಂನಲ್ಲಿ ಇನ್ನೂ ಎಷ್ಟೋ ಇವೆ. ಸಿ3 ಅಥವಾ ಸಿ5 ಮಾತ್ರ ತೆಗೆದುಹಾಕಿದ ಸೀರಂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದರಲ್ಲಿ ಪರಿಣಾಮ ಕಾಣೆಯಾಗಿ, ಅದಕ್ಕೇ ಶುದ್ಧೀಕರಿಸಿದ ಸಿ3 ಅಥವಾ ಸಿ5 ಅನ್ನು ರಕ್ತದಲ್ಲಿರುವಷ್ಟೇ ಪ್ರಮಾಣದಲ್ಲಿ ಮರಳಿ ಸೇರಿಸಿದಾಗ ಪರಿಣಾಮವೂ ಮರಳಿದರೆ, ಆಗ ಕಾರಣ ಕಾಂಪ್ಲಿಮೆಂಟ್ ಎಂದು ಬರೆಯಬಹುದು.